ಸಾರ್ವಜನಿಕ ಹಿತದ ಎಲ್ಲೆ

ಊರು ಬೆಳೆಯಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ರಸ್ತೆಗೆ, ಆಸ್ಪತ್ರೆಗೆ, ವಾಹನಗಳ ನಿಲುಗಡೆಗೆ ನೆಲ ಬೇಕಾದಾಗ, ಯೋಗ್ಯ ಪರಿಹಾರವನ್ನು ತೆತ್ತು ಪ್ರಜೆಯ ಸ್ವತ್ತನ್ನು ಪಡೆಯುವ ಅಧಿಕಾರವು ಸರ್ಕಾರಕ್ಕೆ ಇರತಕ್ಕದ್ದೇ. ಆದರೆ ಆ ಅಧಿಕಾರಕ್ಕೆ ಎಲ್ಲೆ ಯಾವುದು? ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ನಗರದ ವೃತ್ತಾಂತವು ಈ ವಿಷಯದಲ್ಲಿ ಮನನಯೋಗ್ಯವಾಗಿದೆ.

ಆ ನಗರವು 2000ದಲ್ಲಿ ಫೋರ್ಟ್ ಟ್ರಂಬುಲ್ ಪ್ರದೇಶದ ಸುಮಾರು 90 ಎಕರೆಗಳ ಪುನರ್ನಿರ್ಮಾಣ ಯೋಜನೆಯನ್ನು ಅಂಗೀಕರಿಸಿ, ಮಾರಲೊಪ್ಪದವರ 15 ಸ್ವತ್ತುಗಳನ್ನು ಬಲಾತ್ಕಾರವಾಗಿ ತೆಗೆದುಕೊಳ್ಳಹೊರಟಿತು. ಅವುಗಳಲ್ಲಿ 11 ಇದ್ದ ನೆಲವು ಉದ್ಯಾನಕ್ಕೆ ಬರುವವರ ವಾಹನಗಳಿಗೋ, ಅಂಗಡಿಗಳಿಗೋ, ದೋಣಿಕಟ್ಟೆಯ ಸೌಕರ್ಯಕ್ಕೋ ಎಂಬುದೇ ನಿಷ್ಕರ್ಷೆಯಾಗಿರಲಿಲ್ಲ! ಆದರೂ ಆರ್ಥಿಕಾಭಿವೃದ್ಧಿಯೂ ಸಾರ್ವಜನಿಕ ಉಪಯೋಗವೇ ಎಂದು ಅಲ್ಲಿನ ಸುಪ್ರೀಂ ಕೋರ್ಟು 2005ರಲ್ಲಿ 5-4ರ ಬಹುಮತದಿಂದ ತೀರ್ಪಿತ್ತಿತು.

ಫಲವೇನಾಯಿತು? ಮನೆಗಳು ಹೋದುವು; ಯೋಜಿಸಿದ ಕಟ್ಟಡಗಳು ಏಳಲಿಲ್ಲ. ಯಾವ ಫೈಜರ್ ಕಂಪನಿಯ ಆಗಮನವನ್ನು ನೆಚ್ಚಿ ನಗರವು ಈ ಸಾಹಸಕ್ಕೆ ಕೈಹಾಕಿತೋ, ಆ ಕಂಪನಿಯೇ ಊರು ಬಿಡುವುದಾಗಿ 2009ರಲ್ಲಿ ಸಾರಿತು. ಕಿತ್ತುಕೊಂಡ ನೆಲವು ವರ್ಷಗಟ್ಟಲೆ ಬೀಳಾಗಿ ಉಳಿಯಿತು.

ನ್ಯಾಯಾಲಯವು ಅಧಿಕಾರವುಂಟೆಂದಿತೇ ಹೊರತು ಅದನ್ನು ಚಲಾಯಿಸಲೇಬೇಕೆನ್ನಲಿಲ್ಲ. ರಾಜ್ಯಗಳು ಅದನ್ನು ನಿರ್ಬಂಧಿಸಬಹುದೆಂದೂ ಹೇಳಿತು. ಪ್ರಜಾಮತವು ಕೆರಳಿದ ಮೇಲೆ 40ಕ್ಕೂ ಹೆಚ್ಚು ರಾಜ್ಯಗಳು ತಮ್ಮ ಶಾಸನಗಳನ್ನು ತಿದ್ದಿದುವು. ಆದರೆ ಕಳೆದುಹೋದ ಮನೆಗಳಿಗೆ ಆ ವಿವೇಕವು ತಡವಾಗಿ ಬಂದಿತು.

ಅಭಿವೃದ್ಧಿಯ ನಕ್ಷೆಯನ್ನು ಹಿಡಿದು ಬರುವ ನಗರಸಭೆಯನ್ನು ಪ್ರಜೆಗಳು ಕೇಳಬೇಕಾದುದು ಇಷ್ಟೇ: ಕಟ್ಟುವವರು ಯಾರು? ಹಣವೆಲ್ಲಿದೆ? ಕಟ್ಟದಿದ್ದರೆ ನೆಲವು ಯಾರಿಗೆ? ಇವಕ್ಕೆ ಲಿಖಿತ ಉತ್ತರ ದೊರೆಯುವ ತನಕ ಒಂದು ಮನೆಯ ಹೆಂಚನ್ನೂ ತೆಗೆಯಕೂಡದೆಂಬುದು ನಮ್ಮ ಖಚಿತಾಭಿಪ್ರಾಯ.