ಅಜ್ಜಿಯ ಮಗ್ಗಲು

ದಸರೆಯ ಹೊತ್ತಿಗೆ ಹಾವೇರಿ ಜಿಲ್ಲೆಯ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎಂದಾಗ ಕಣ್ಣು ಹಾಯುವಷ್ಟು ದೂರ ನೆರೆದ ಜನ ಒಮ್ಮೆಲೇ ಸ್ತಬ್ಧರಾಗುತ್ತಾರೆ. ಅವನು ನುಡಿಯುವ ಕಾರಣಿಕ, ಅಂದರೆ ಭವಿಷ್ಯವಾಣಿ, ಒಂದೇ ಮಾತಿನದು. ಅದನ್ನು ರೈತ ತನ್ನ ಮಳೆಬೆಳೆಗೆ ಹೊಂದಿಸಿಕೊಳ್ಳುತ್ತಾನೆ, ರಾಜಕಾರಣಿ ತನ್ನ ಕುರ್ಚಿಗೆ, ಬ್ಯಾಡಗಿಯ ವ್ಯಾಪಾರಿ ಮೆಣಸಿನಕಾಯಿ ದರಕ್ಕೆ. ಕಾರಣಿಕದ ಸೊಗಸು ಇರುವುದೇ ಅಲ್ಲಿ. ಅರ್ಥ ಮಾಡಿಕೊಳ್ಳುವ ಹಕ್ಕು ಕೇಳಿಸಿಕೊಂಡವರದು. ಮೊಬೈಲಿನಲ್ಲಿ ದಿನಕ್ಕೊಂದರಂತೆ ಕೇಳಿಬರುವ ಕಾರಣಿಕಗಳಿಗೆ ಈ ಸೌಜನ್ಯವಿಲ್ಲ. ಕೂಸಿಗೆ ಆರು ತಿಂಗಳು ತುಂಬಿತೋ ಇಲ್ಲವೋ, ಅದನ್ನು ಬೇರೆ ಹಾಸಿಗೆಗೆ, ಸಾಧ್ಯವಾದರೆ ಬೇರೆ ಕೋಣೆಗೇ ಹಾಕಿಬಿಡಿ, ಇಲ್ಲದಿದ್ದರೆ ಅದು ಸ್ವಾವಲಂಬನೆ ಕಲಿಯದು ಎಂಬುದು ಈಚಿನ ವರ್ಷಗಳಲ್ಲಿ ಓದಿದ ತಾಯಂದಿರ ನಿದ್ದೆಗೆಡಿಸಿರುವ ಅಂಥದೊಂದು ನುಡಿ. ಇದರಲ್ಲಿ ಎರಡು ಬೇರೆ ಬೇರೆ ಮಾತುಗಳು ಒಂದೇ ಹೊದಿಕೆಯೊಳಗೆ ಮಲಗಿವೆ. ಒಂದು ಕೂಸಿನ ಪ್ರಾಣದ ಮಾತು, ಇನ್ನೊಂದು ಕೂಸಿನ ಗುಣದ ಮಾತು. ಮೊದಲನೆಯದು ವೈದ್ಯಶಾಸ್ತ್ರ, ಅದಕ್ಕೆ ತಲೆಬಾಗಬೇಕು. ಎರಡನೆಯದು ಒಂದು ಸಮಾಜದ ರೂಢಿ, ವೈದ್ಯರ ಬಿಳಿ ಕೋಟು ಎರವಲು ತೊಟ್ಟು ಬಂದಿದೆ.

ಪ್ರಾಣದ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2013ರಲ್ಲಿ ರಾಬರ್ಟ್ ಕಾರ್ಪೆಂಟರ್ ಮತ್ತು ಸಂಗಡಿಗರು ಐದು ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಮನೆಯಲ್ಲಿ ಯಾರೂ ಸಿಗರೇಟು ಸೇದದಿದ್ದರೂ, ತಾಯಿ ಮದ್ಯ ಮುಟ್ಟದಿದ್ದರೂ, ಕೂಸು ಎದೆಹಾಲನ್ನೇ ಕುಡಿಯುತ್ತಿದ್ದರೂ, ಮೂರು ತಿಂಗಳೊಳಗಿನ ಕೂಸು ದೊಡ್ಡವರ ಹಾಸಿಗೆಯಲ್ಲೇ ಮಲಗಿದರೆ ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಅಪಾಯ ಸುಮಾರು ಐದು ಪಟ್ಟು ಎಂದು ಅವರ ಲೆಕ್ಕ. ಇದನ್ನು ಕೇಳಿದ ಯಾವ ತಾಯಿಯ ಎದೆಯೂ ಝಲ್ಲೆನ್ನದೆ ಇರದು. ಅದೇ ಲೇಖನದ ಇನ್ನೊಂದು ಅಂಕಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ: ಇಂಥ ಮನೆಗಳಲ್ಲಿ ಕೂಸು ಅದೇ ಕೋಣೆಯ ಬೇರೆ ಹಾಸಿಗೆಯಲ್ಲಿದ್ದಾಗ ಲಕ್ಷಕ್ಕೆ ಎಂಟರಷ್ಟಿದ್ದ ಸಾವು, ಒಂದೇ ಹಾಸಿಗೆಯಾದಾಗ ಇಪ್ಪತ್ಮೂರಕ್ಕೆ ಏರುತ್ತದೆ. ಮರುವರ್ಷವೇ ಪೀಟರ್ ಬ್ಲೇರ್ ಅವರ ತಂಡ ಬೇರೆ ಮಾಹಿತಿಯಿಂದ ಬೇರೆ ಫಲಿತ ತಂದಿತು. ಸಿಗರೇಟು, ಕುಡಿತ, ಸೋಫಾದ ಮೇಲಿನ ನಿದ್ದೆ ಇವನ್ನು ತೆಗೆದಿಟ್ಟರೆ ಎಣಿಸಬಹುದಾದಷ್ಟು ಹೆಚ್ಚಿನ ಅಪಾಯ ಅವರಿಗೆ ಕಾಣಲಿಲ್ಲ. ಪಂಡಿತರ ಈ ಜಗಳ ಇನ್ನೂ ಮುಗಿದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 2022ರಲ್ಲಿ ಮತ್ತೆ ಹೇಳಿದ್ದು ಇಷ್ಟು: ಮೊದಲ ಆರು ತಿಂಗಳಾದರೂ ಕೂಸು ತಂದೆತಾಯಿಯ ಕೋಣೆಯಲ್ಲೇ ಮಲಗಲಿ, ಆದರೆ ಹಾಸಿಗೆ ಅದರದೇ ಇರಲಿ, ಸಮತಟ್ಟಾಗಿ ಬಿಗಿಯಾಗಿ ಇರಲಿ, ಅಂಗಾತ ಮಲಗಿಸಿ, ಸುತ್ತ ದಿಂಬು ಹೊದಿಕೆಗಳನ್ನು ಪೇರಿಸಬೇಡಿ. ಬೇರೆ ಕೋಣೆಗೆ ಹಾಕಿ ಎಂದು ಅವರು ಹೇಳಿಲ್ಲ. ಅವರ ಹೆಸರು ಹೇಳಿಕೊಂಡು ತಿರುಗುವವರು ಹೇಳುತ್ತಾರೆ.

ಒಂದೇ ಕೋಣೆ, ಬೇರೆ ಹಾಸಿಗೆ. ಈ ಸೂತ್ರ ಧಾರವಾಡ, ಹಾವೇರಿ ಕಡೆಯವರಿಗೆ ಹೊಸದೇನೂ ಅಲ್ಲ, ಅದಕ್ಕೆ ಇಲ್ಲಿ ತೊಟ್ಟಿಲು ಎನ್ನುತ್ತಾರೆ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಈ ಸೀಮೆಯಲ್ಲೆಲ್ಲ ಹೆಸರಾದದ್ದು. ಮರದ ಕೆಲಸಕ್ಕೆ ಒಂದು ತೂಕವಾದರೆ ಅದರ ಮೇಲಿನ ಅರಗಿನ ಬಣ್ಣದ ಚಿತ್ರಗಳಿಗೆ ಇನ್ನೊಂದು ತೂಕ. ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳು, ಮೊಮ್ಮಕ್ಕಳ ಕಾಲಕ್ಕೂ ಮಾಸದ ಕೆಂಪು ಹಳದಿ. ಬಾಣಂತನ ಮುಗಿಸಿದ ಮಗಳನ್ನು ತವರಿನವರು ತೊಟ್ಟಿಲ ಸಮೇತ ಗಂಡನ ಮನೆಗೆ ಕಳಿಸುವುದು ಪದ್ಧತಿ. ಒಂದು ಮನೆಯ ತೊಟ್ಟಿಲು ಆ ಮನೆಯೊಂದಕ್ಕೇ ಮೀಸಲಲ್ಲ, ಓಣಿಯಲ್ಲಿ ಯಾರ ಹೆರಿಗೆಯಾದರೂ ಅಲ್ಲಿಗೆ ಹೋಗಿ ಕೂಸು ದೊಡ್ಡದಾದ ಮೇಲೆ ತಿರುಗಿ ಬರುತ್ತದೆ. ಗಮನಿಸಬೇಕಾದದ್ದು ಅದರ ಚೆಲುವನ್ನಲ್ಲ, ಅದು ಇರುವ ಜಾಗವನ್ನು. ತೊಲೆಯಿಂದ ಇಳಿಬಿಟ್ಟ ತೊಟ್ಟಿಲ ಕೆಳಗೇ ಬಾಣಂತಿಯ ಹಾಸಿಗೆ. ರಾತ್ರಿ ಕೂಸು ಮುಲುಗಿದರೆ ಮಲಗಿದಲ್ಲಿಂದಲೇ ಹಗ್ಗ ಜಗ್ಗಿದರಾಯಿತು. ಕೂಸಿನ ಹಾಸಿಗೆ ಕೂಸಿಗೆ, ಆದರೆ ತಾಯಿಯ ಉಸಿರು ಕೇಳುವಷ್ಟು ಹತ್ತಿರ. ಹಿರಿಯರಿಗೆ ಎಲ್ಲವೂ ತಿಳಿದಿತ್ತು ಎಂದು ಬೀಗುವುದಕ್ಕಾಗಿ ಈ ಮಾತಲ್ಲ. ಅದೇ ತೊಟ್ಟಿಲಿಗೆ ಅವರು ಮೆತ್ತನೆಯ ಕೌದಿ ಮಡಿಚಿ ಹಾಸಿದರು, ಸಾಸಿವೆ ದಿಂಬು ಇಟ್ಟರು, ಗಾಳಿಯಾಡದ ಬಾಣಂತಿ ಕೋಣೆಯಲ್ಲಿ ಕೆಂಡವಿಟ್ಟು ಲೋಬಾನದ ಹೊಗೆ ಹಾಕಿದರು. ಇವೊಂದೂ ಎಳೆಗೂಸಿನ ಉಸಿರಿಗೆ ಒಳ್ಳೆಯದಲ್ಲ. ಆದರೆ ಪೇಟೆಯ ಹೊಸ ಮನೆ ತೊಟ್ಟಿಲನ್ನು ಅಟ್ಟಕ್ಕೆ ಏರಿಸಿ, ಒಂದಡಿ ದಪ್ಪದ ಮೆತ್ತೆಯ ಡಬಲ್ ಮಂಚ ತಂದು, ಕೂಸನ್ನು ಇಬ್ಬರ ನಡುವೆ ಹಾಕಿಕೊಂಡು, ಇದೇ ನಮ್ಮ ಸಂಸ್ಕೃತಿ ಎಂದರೆ ಅದು ಸುಳ್ಳು. ಆ ಮಂಚಕ್ಕೆ ಹೆದರಿ ಕೂಸನ್ನು ಬೇರೆ ಕೋಣೆಗೆ ಅಟ್ಟಿ, ಇದೇ ವಿಜ್ಞಾನ ಎಂದರೆ ಅದೂ ಸುಳ್ಳೇ.

ಇನ್ನು ಗುಣದ ಮಾತು. ಅಪ್ಪಿ ಮುದ್ದಾಡಿದರೆ ಮಕ್ಕಳು ಕೆಡುತ್ತಾರೆ ಎಂದು 1928ರಲ್ಲಿ ಜಾನ್ ವಾಟ್ಸನ್ ಎಂಬ ಅಮೆರಿಕದ ಮನೋವಿಜ್ಞಾನಿ ಪುಸ್ತಕವನ್ನೇ ಬರೆದ. ಕೂಸನ್ನು ಒಂಟಿಯಾಗಿ ಮಲಗಿಸುವ ವಿಧಾನಕ್ಕೆ ತಮ್ಮ ಹೆಸರನ್ನೇ ಕೊಟ್ಟ ರಿಚರ್ಡ್ ಫರ್ಬರ್ ಅವರ ಪುಸ್ತಕ 1985ರದು. ಇಪ್ಪತ್ತೊಂದು ವರ್ಷದ ಮೇಲೆ ಅದನ್ನು ಪರಿಷ್ಕರಿಸುವಾಗ, ಜೊತೆಗೆ ಮಲಗುವುದರ ಬಗ್ಗೆ ತಮ್ಮ ಬಿಗಿಯನ್ನು ಅವರೇ ಸಡಿಲಿಸಿದರು. ಅನುಯಾಯಿಗಳು ಸಡಿಲಿಸಲಿಲ್ಲ. ಪರೀಕ್ಷಿಸಿ ನೋಡಿದವರಿಗೆ ಸಿಕ್ಕ ಫಲವೂ ಈ ಕಾರಣಿಕಕ್ಕೆ ಒಗ್ಗುವಂಥದಲ್ಲ. 2004ರಲ್ಲಿ ಕ್ಯಾಲಿಫೋರ್ನಿಯಾದ ಕೆಲರ್ ಮತ್ತು ಗೋಲ್ಡ್‌ಬರ್ಗ್ ಶಾಲೆಗೆ ಹೋಗುವ ಮುಂಚಿನ ವಯಸ್ಸಿನ ಮಕ್ಕಳನ್ನು ಹೋಲಿಸಿದರು. ಒಂಟಿಯಾಗಿ ಮಲಗಿದ ಮಕ್ಕಳು ಒಂಟಿಯಾಗಿ ಮಲಗುವುದನ್ನು ಬೇಗ ಕಲಿತಿದ್ದವು, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ತಾನೇ ಬಟ್ಟೆ ಹಾಕಿಕೊಳ್ಳುವುದು, ಗೆಳೆಯರನ್ನು ತಾನೇ ಮಾಡಿಕೊಳ್ಳುವುದು ಇಂಥವುಗಳಲ್ಲಿ ಮುಂದಿದ್ದವು ಹುಟ್ಟಿದಂದಿನಿಂದ ಜೊತೆಗೆ ಮಲಗಿದ ಮಕ್ಕಳು. ಇನ್ನೊಂದು ಅಧ್ಯಯನ ಮಕ್ಕಳಿಗೆ ಹದಿನೆಂಟು ತುಂಬುವವರೆಗೂ ಕಾದು, ಜೊತೆಗೆ ಮಲಗಿದ್ದರಿಂದ ಆದ ಕೇಡು ಕಾಣುವುದಿಲ್ಲ ಎಂದು 2002ರಲ್ಲಿ ವರದಿ ಮಾಡಿತು. ಅವ್ವನ ಮಗ್ಗಲಲ್ಲಿ ಮಲಗಿದವನು ಹೇಡಿಯಾಗುತ್ತಾನೆ ಎನ್ನುವವರು, ದೇವರಗುಡ್ಡಕ್ಕೆ ನಡೆದುಕೊಳ್ಳುವ ಕುರಿಗಾರರ ಹುಡುಗರು ಬಯಲಲ್ಲಿ ಒಂದೇ ಕಂಬಳಿ ಹೊದ್ದು ಕುರಿಹಟ್ಟಿ ಕಾಯುವುದನ್ನು ಒಮ್ಮೆ ನೋಡಿ ಬರಲಿ.

ಯಾರು ಯಾರ ಪಕ್ಕ ಮಲಗಬೇಕೆಂಬುದು ನಿದ್ದೆಯ ಪ್ರಶ್ನೆಯೇ ಅಲ್ಲ, ನೀತಿಯ ಪ್ರಶ್ನೆ ಎಂದು ತೋರಿಸಿಕೊಟ್ಟವರು ಮಾನವಶಾಸ್ತ್ರಜ್ಞ ರಿಚರ್ಡ್ ಶ್ವೇಡರ್. ಭುವನೇಶ್ವರದ ಹಳೇ ಊರಿನವರಿಗೂ ಶಿಕಾಗೋದವರಿಗೂ ಒಂದೇ ಕಲ್ಪಿತ ಕುಟುಂಬವನ್ನು ಕೊಟ್ಟು, ಇಷ್ಟು ಜನರನ್ನು ಇಷ್ಟು ಕೋಣೆಗಳಿಗೆ ಹಂಚಿ ಎಂದರು. ಶಿಕಾಗೋದವರು ಮೊದಲು ಗಂಡಹೆಂಡಿರಿಗೆ ಒಂದು ಕೋಣೆ ತೆಗೆದಿಟ್ಟರು. ಒಡಿಶಾದವರು ಎಳೆಯರನ್ನು ಒಂಟಿ ಬಿಡಬಾರದು, ಬೆಳೆದ ಹುಡುಗಿಯ ಪಕ್ಕ ಯಾರಿರಬೇಕು ಎಂಬುದರಿಂದ ಹೊರಟರು. ನಮ್ಮ ಮನೆಗಳ ಹಂಚಿಕೆಯೂ ಇದೇ ಜಾಡಿನದು. ಎರಡನೆಯ ಕೂಸು ಬಂದಾಗ ಮೊದಲನೆಯದು ತಾಯಿಯ ಮಗ್ಗಲು ಬಿಡುತ್ತದೆ; ಬಿಟ್ಟು ಹೋಗುವುದು ತನ್ನ ಹಾಸಿಗೆಗಲ್ಲ, ಪಡಸಾಲೆಯಲ್ಲಿ ಅಜ್ಜಿಯ ಮಗ್ಗಲಿಗೆ. ಅಲ್ಲಿಂದ ಅಣ್ಣಂದಿರ, ಕಾಕಾನ ಸಾಲಿಗೆ. ಒಂಟಿ ಹಾಸಿಗೆಯ ಮೊದಲ ಪರಿಚಯ ಹಲವರಿಗೆ ಹಾಸ್ಟೆಲಿನಲ್ಲೇ. ನಾನು ಹೇಳಬೇಕಾದದ್ದು ಇಷ್ಟೇ: ಇಂದು ಮಕ್ಕಳ ಕೋಣೆ ಎಂದು ಮಾರಾಟವಾಗುತ್ತಿರುವ ಪುಟ್ಟ ಮಂಚ ಸ್ವಾವಲಂಬನೆಯ ಸಾಧನವಲ್ಲ, ಮನೆಯಲ್ಲಿಲ್ಲದ ಅಜ್ಜಿಯ ಬದಲಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ, ಡಲ್ಲಾಸಿನಲ್ಲಿ ಅಜ್ಜಿ ಇಲ್ಲ, ಬದಲಿ ಬೇಕು, ಸರಿ. ಬದಲಿಯನ್ನು ಬದಲಿ ಎಂದೇ ಕರೆಯೋಣ. ಹಾಗೆ ಕರೆಯದೆ ರೂಢಿಯನ್ನೇ ನೀತಿ ಮಾಡಿಕೊಂಡರೆ ಏನಾಗುತ್ತದೆಂಬುದನ್ನು 2011ರಲ್ಲಿ ನಾರ್ವೆಯ ಸ್ಟಾವಾಂಗರ್‌ನಲ್ಲಿ ಒಂದು ಬಂಗಾಳಿ ಕುಟುಂಬ ಅನುಭವಿಸಿತು. ಅವರ ಇಬ್ಬರು ಮಕ್ಕಳನ್ನು ಅಲ್ಲಿಯ ಸರ್ಕಾರ ವಶಕ್ಕೆ ಪಡೆದಾಗ, ಕೈತುತ್ತು ಕೊಡುವುದು, ಮಗ ತಂದೆಯ ಹಾಸಿಗೆಯಲ್ಲಿ ಮಲಗುವುದು ಇವೂ ಆಕ್ಷೇಪಣೆಯಲ್ಲಿ ಸೇರಿದ್ದವು ಎಂದು ಮನೆಯವರು ಹೇಳಿದ್ದು ಇಲ್ಲಿಯ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆಕ್ಷೇಪಣೆ ಅಷ್ಟೇ ಅಲ್ಲ ಎಂಬುದು ಆ ಅಧಿಕಾರಿಗಳ ವಾದ. ಮಕ್ಕಳು ಭಾರತಕ್ಕೆ ಮರಳಿದ್ದು ಮರುವರ್ಷ ಏಪ್ರಿಲ್‌ನಲ್ಲಿ.

ಇದಕ್ಕೆ ಎದುರಾಗಿ ಬರುವ ಒಂದು ಮಾತನ್ನು ನಾನು ಗೌರವದಿಂದ ಕೇಳುತ್ತೇನೆ. ಅಜ್ಜಿಯ ಮಗ್ಗಲು ಎಂದು ಹೊಗಳುವವರು ಯಾರೂ ಅಜ್ಜಿಯನ್ನು ಕೇಳಿದವರಲ್ಲ. ಹಗಲೆಲ್ಲ ದುಡಿದು ಮಂಡಿನೋವಿನಲ್ಲಿ ಮಲಗಿದವಳ ಕೌದಿಯೊಳಗೆ ಒದೆಯುವ, ಉಚ್ಚೆ ಹೊಯ್ಯುವ ಮೊಮ್ಮಗನನ್ನು ತಂದುಹಾಕುವುದು ಪ್ರೀತಿಯೂ ಹೌದು, ಸಂಬಳವಿಲ್ಲದ ರಾತ್ರಿಪಾಳಿಯೂ ಹೌದು. ತಾಯಿಯ ಮಾತೂ ಇದೇ. ರಾಣೆಬೆನ್ನೂರು ಸೀಮೆಯಲ್ಲಿ ಹತ್ತಿ, ತರಕಾರಿಗಳ ಹೈಬ್ರಿಡ್ ಬೀಜ ಮಾಡುವ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ನಡೆಯುವುದು ಬಹುಪಾಲು ಹೆಂಗಸರ ಕೈಯಿಂದ. ಹತ್ತಿಯಲ್ಲಾದರೆ ಸಂಜೆ ಮೊಗ್ಗು ಬಿಡಿಸಿ ಇಟ್ಟದ್ದಕ್ಕೆ ಮರುದಿನ ಬೆಳಿಗ್ಗೆಯೇ ಪರಾಗ ಮುಟ್ಟಿಸಬೇಕು, ಹೂವು ಕಾಯುವುದಿಲ್ಲ. ರಾತ್ರಿ ನಾಲ್ಕು ಸಲ ಎದ್ದವಳು ಆ ಹೊಲಕ್ಕೆ ಹೋಗಬೇಕು. ಅವಳಿಗಾಗಲಿ, ಬೆಳಿಗ್ಗೆ ಕಂಪನಿಯ ಬಸ್ಸು ಹಿಡಿಯುವವಳಿಗಾಗಲಿ, ನನಗೆ ನಿದ್ದೆ ಬೇಕು, ಮಗು ಇನ್ನು ಬೇರೆ ಮಲಗಲಿ ಎನ್ನುವ ಹಕ್ಕು ಪೂರ್ತಿಯಾಗಿ ಇದೆ. ಎರಡಕ್ಕೋ ಮೂರಕ್ಕೋ, ಮಗು ಮಾತು ಕಲಿತ ಮೇಲೆ, ಪಕ್ಕದಲ್ಲೇ ಚಾಪೆ ಹಾಸಿ, ಕೆಲವು ರಾತ್ರಿ ತಿರುಗಿ ಬಂದರೆ ಬರಗೊಟ್ಟು ಮಾಡಿದರೆ ಯಾವ ಕೇಡೂ ಇಲ್ಲ. ತಾಯಿಗೆ ನಿದ್ದೆ ಬೇಕೆಂಬುದು ತಾನೇ ಸಾಕಷ್ಟು ದೊಡ್ಡ ಕಾರಣ. ಅದನ್ನು ಹೇಳಿಕೊಳ್ಳಲು ನಾಚಿ, ಮಗುವಿನ ವ್ಯಕ್ತಿತ್ವ ವಿಕಾಸದ ಹೆಸರು ಹೇಳಬೇಕಾಗಿ ಬಂದಿರುವುದು ನಮ್ಮ ಮನೆಗಳಿಗೆ ಅವಮಾನ.

ಗಂಡಹೆಂಡಿರ ಏಕಾಂತದ ಮಾತೂ ಉಂಟು. ತುಂಬಿದ ಮನೆಗಳಲ್ಲೂ ಮಕ್ಕಳು ಹುಟ್ಟುತ್ತಲೇ ಇದ್ದವು ಎಂಬಲ್ಲಿಗೆ ಅದನ್ನು ಬಿಡಬಹುದು.

ಕಡೆಗೆ, ಬೇರೆ ಕೋಣೆಯ ಈ ಸಲಹೆ ಯಾರಿಗೆ ಎಂದು ಕೇಳಬೇಕು. 2011ರ ಜನಗಣತಿಯ ಪ್ರಕಾರ ಈ ದೇಶದ ನೂರರಲ್ಲಿ ಮೂವತ್ತೇಳು ಕುಟುಂಬಗಳು ಒಂದೇ ಕೋಣೆಯಲ್ಲಿ ಬಾಳುವಂಥವು. ಇನ್ನೂ ನಾಲ್ಕಕ್ಕೆ ತಮ್ಮದೆನ್ನುವ ಪ್ರತ್ಯೇಕ ಕೋಣೆ ಒಂದೂ ಇಲ್ಲ. ಅಲ್ಲಿ ಮಗುವನ್ನು ಬೇರೆ ಕೋಣೆಗೆ ಹಾಕಿ ಎಂದರೆ ಅಂಗಳಕ್ಕೆ ಹಾಕಿ ಎಂದಂತೆ. ಹಳ್ಳಿಯ ಬಡವರಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಮಂಜೂರಾಗುವ ಮನೆಗೆ ಸರ್ಕಾರ ಗೊತ್ತುಮಾಡಿರುವ ಕನಿಷ್ಠ ಅಳತೆ 25 ಚದರ ಮೀಟರ್. ಅಡುಗೆಯ ಜಾಗವೂ ಅದರಲ್ಲೇ ಸೇರಿದೆ.