ಮಾಸ್ಟರ್‌ಮೈಂಡ್ ಎಂಬ ನೆಪ

ರಿಯಾಜ್ ಭಟ್ಕಳ್ ಹೆಸರು ಬಂದಲ್ಲೆಲ್ಲ ‘ಮಾಸ್ಟರ್‌ಮೈಂಡ್’ ಎಂಬ ಬಿರುದೂ ಬರುತ್ತದೆ. ಇಂಡಿಯನ್ ಮುಜಾಹಿದೀನ್ ಸಂಘಟನೆ ಕಟ್ಟಿದವರಲ್ಲಿ ಪ್ರಮುಖನೆಂದು ತನಿಖಾ ಸಂಸ್ಥೆಗಳು ಹೇಳುವ ಈತನನ್ನು 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಯುಎಪಿಎ ಅಡಿ ಭಯೋತ್ಪಾದಕನೆಂದು ಘೋಷಿಸಿತು. ಮೂಲ ಉತ್ತರ ಕನ್ನಡದ ಭಟ್ಕಳ. ವಾಸವಿದ್ದದ್ದು ಮುಂಬೈನ ಕುರ್ಲಾದಲ್ಲಿ, ನಮ್ಮ ಭಾಂಡುಪ್‌ನಿಂದ ಸ್ಲೋ ಲೋಕಲ್ ಹತ್ತಿದರೆ ಐದನೇ ಸ್ಟೇಷನ್. ಆತನ ಚಾಣಾಕ್ಷತನವನ್ನು ಹೊಗಳಿದಷ್ಟೂ ನಮ್ಮ ವ್ಯವಸ್ಥೆಯ ಆಲಸ್ಯ ಮುಚ್ಚಿಹೋಗುತ್ತದೆ ಎಂಬುದು ನನ್ನ ತಕರಾರು.

2008ರ ಜುಲೈ 26ರ ಅಹಮದಾಬಾದ್ ಸರಣಿ ಸ್ಫೋಟದ ಹೊಣೆ ಹೊತ್ತ ಇಂಡಿಯನ್ ಮುಜಾಹಿದೀನ್‌ನ ಇ-ಮೇಲ್ ಹೊರಟದ್ದು ನವಿ ಮುಂಬೈನ ಸಾನ್ಪಾಡಾದ ಮನೆಯೊಂದರ ವೈಫೈನಿಂದ. ಸೆಪ್ಟೆಂಬರ್‌ನ ದೆಹಲಿ ಸ್ಫೋಟದ ಇ-ಮೇಲ್ ಚೆಂಬೂರಿನ ಕಂಪನಿಯೊಂದರ ವೈಫೈನಿಂದ. ಬಾಗಿಲು ತೆರೆದಿತ್ತು, ನುಗ್ಗಿದರು. ಇದಕ್ಕೆ ಮಹಾ ಬುದ್ಧಿಯೇನೂ ಬೇಕಿರಲಿಲ್ಲ. ಇದಕ್ಕಿಂತ ದೊಡ್ಡ ಎಡವಟ್ಟು ಕೋಲ್ಕತ್ತದ್ದು. ಅದೇ ಜಾಲದ, ಅದೇ ಭಟ್ಕಳದ ಯಾಸೀನ್ 2009ರಲ್ಲಿ ಖೋಟಾ ನೋಟಿನ ಪ್ರಕರಣದಲ್ಲಿ ಅಲ್ಲಿನ ಪೊಲೀಸರ ಕೈಗೆ ಸಿಕ್ಕಿದ್ದ. ಬುಲ್ಲಾ ಮಲಿಕ್ ಎಂದು ಹೆಸರು ಹೇಳಿದ, ಜಾಮೀನು ಪಡೆದ, ಹೊರಟೇಹೋದ. ದೇಶವೇ ಹುಡುಕುತ್ತಿದ್ದವನ ಗುರುತು ಹಿಡಿಯಲು ಲಾಕಪ್ಪಿನಲ್ಲಿ ಯಾರಿಗೂ ಆಗಲಿಲ್ಲ. ಆಮೇಲೆ, 2013ರ ಫೆಬ್ರುವರಿ 21ರಂದು ಹೈದರಾಬಾದಿನ ದಿಲ್‌ಸುಖ್ ನಗರದಲ್ಲಿ ಬಾಂಬ್ ಸ್ಫೋಟಕ್ಕೆ 18 ಜನ ಸತ್ತರು. ಯಾಸೀನ್ ಮತ್ತೆ ಸೆರೆಯಾದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ, ನೇಪಾಳದ ಗಡಿಯಲ್ಲಿ.

ರಿಯಾಜ್ ಪಾಕಿಸ್ತಾನ ಸೇರಿದ್ದಾನೆ, ನಮ್ಮ ಠಾಣೆಗಳೇನು ಮಾಡಿಯಾವು ಎಂದು ಕೇಳಬಹುದು. ಗಡಿಯಾಚೆಯ ಆಶ್ರಯ ಸುಳ್ಳಲ್ಲ. ಆದರೆ ಬಾಂಬಿಟ್ಟ ಕೈಗಳು ಇಲ್ಲಿದ್ದವು. ಅವು ಒಮ್ಮೆ ಸಿಕ್ಕಿಯೂ ಜಾರಿದವು. ಹಾಗಾದರೆ ಬಾಡಿಗೆದಾರರ ತಪಾಸಣೆ ಬಿಗಿ ಮಾಡಿ ಎನ್ನುವವರಿದ್ದಾರೆ. ಇಂಥ ತಪಾಸಣೆಯಲ್ಲಿ ಸಿಕ್ಕಿಬೀಳುವುದು ಭಟ್ಕಳವೆಂದು ಊರಿನ ಹೆಸರು ಬರೆಯುವ ಅಮಾಯಕ; ಬುಲ್ಲಾ ಮಲಿಕ್ ಎಂದು ಬರೆಯುವವನು ಆರಾಮಾಗಿ ದಾಟುತ್ತಾನೆ. ಬೇಕಿದ್ದದ್ದು ಒಂದು ರಾಜ್ಯದ ಬೆರಳಚ್ಚು ಇನ್ನೊಂದು ರಾಜ್ಯದ ಠಾಣೆಗೆ ಕೂಡಲೇ ಸಿಗುವ ಏರ್ಪಾಟು. ಅದಕ್ಕೆಂದೇ ರೂಪಿಸಿದ ‘ನಫಿಸ್’ ಉದ್ಘಾಟನೆಯಾದದ್ದು 2022ರ ಆಗಸ್ಟ್‌ನಲ್ಲಿ, ಕೋಲ್ಕತ್ತದ ಎಡವಟ್ಟಿನ ಹನ್ನೆರಡು ವರ್ಷಗಳ ಮೇಲೆ. ಹಿರಿಯ ಅಧಿಕಾರಿಗಳು ಪತ್ರಿಕಾಗೋಷ್ಠಿಗೆ ತೋರುವ ಅವಸರ ಇಂಥ ಕೆಲಸಕ್ಕೆ ಯಾಕೋ ಇರುವುದಿಲ್ಲ.

ದಿಲ್‌ಸುಖ್ ನಗರ ಪ್ರಕರಣದಲ್ಲಿ ಯಾಸೀನ್ ಸೇರಿ ಐವರ ಗಲ್ಲು ಶಿಕ್ಷೆಯನ್ನು ತೆಲಂಗಾಣ ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು. ಅದೇ ಪ್ರಕರಣದ ಮೊದಲ ಆರೋಪಿ ರಿಯಾಜ್ ಕಟಕಟೆಗೆ ಬರಲೇ ಇಲ್ಲ.