ಗಣಕಯಂತ್ರಗಳ ಭೇದವೂ ನಮ್ಮ ಕನ್ನಡ ಬರಹವೂ

ಈ ಸ್ಮರಣ ಸಂಚಿಕೆಗಾಗಿ ಲೇಖನಗಳನ್ನು ಕಳುಹಿಸಬೇಕೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ಬೇಡಿಕೊಂಡಾಗ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಿಂದಲೂ ಬರಹಗಳು ಬಂದವು. ಕಾಗದದ ಮೇಲೆ ಬರೆದವುಗಳನ್ನು ಓದುವುದರಲ್ಲಿ ಯಾವ ತೊಂದರೆಯೂ ಆಗಲಿಲ್ಲ. ಗಣಕಯಂತ್ರದಲ್ಲಿ ಬರೆದು ಕಳುಹಿಸಿದ ಕೆಲವನ್ನು ತೆರೆದು ನೋಡಿದರೆ, ಕನ್ನಡಕ್ಕೆ ಬದಲಾಗಿ ಇಂಗ್ಲಿಷ್ ಅಕ್ಷರಗಳೂ ಅವುಗಳ ನೆತ್ತಿಯ ಮೇಲೆ ಚುಕ್ಕೆ ಗೀಟುಗಳೂ ಸೇರಿದ ಯಾರಿಗೂ ತಿಳಿಯದ ಒಂದು ಲಿಪಿ ಕಾಣಿಸಿತು. ಬರೆದವರ ತಪ್ಪಲ್ಲ. ಅವರ ಯಂತ್ರ ಒಂದು ಬಗೆಯದು, ನಮ್ಮದು ಇನ್ನೊಂದು ಬಗೆಯದು. ಈ ವಿಷಯವಾಗಿ ನಮ್ಮ ಅಭಿಪ್ರಾಯವನ್ನು ಪೋಷಕರ ಮುಂದಿಡಲು ಇದೇ ತಕ್ಕ ಸಮಯವೆಂದು ತೋರಿದ್ದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ನಮ್ಮ ಗಣಕಯಂತ್ರದ ಕೊಠಡಿಯಲ್ಲಿ ಹದಿನಾಲ್ಕು ಯಂತ್ರಗಳುಂಟು. ಎಲ್ಲವೂ ದಾನವಾಗಿ ಬಂದವು. ಇವುಗಳನ್ನು ನಡೆಸುತ್ತಿದ್ದ ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂಗೆ ಅದನ್ನು ಮಾಡಿದ ಸಂಸ್ಥೆಯವರು 2025ನೆಯ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದರು. ಅದರ ಮುಂದಿನ ವಿಂಡೋಸ್ 11 ಎಂಬುದು ಟಿಪಿಎಂ ಎಂಬ ಭದ್ರತೆಯ ಅಂಗವನ್ನೂ ಹೊಸ ತಲೆಮಾರಿನ ಪ್ರೊಸೆಸರನ್ನೂ ಬೇಡುತ್ತದೆ. ನಮ್ಮ ಒಂಬತ್ತು ಯಂತ್ರಗಳಿಗೆ ಆ ಯೋಗ್ಯತೆಯಿಲ್ಲ. ಅವನ್ನು ಗುಜರಿಗೆ ಹಾಕಿ ಹೊಸವನ್ನು ಕೊಳ್ಳಬೇಕೆಂದು ಸಮಿತಿಯಲ್ಲಿ ಕೆಲವರು ಸೂಚಿಸಿದರು. ಹಣವೆಲ್ಲಿಂದ ಬರಬೇಕೆಂಬುದನ್ನು ಮಾತ್ರ ಯಾರೂ ಸೂಚಿಸಲಿಲ್ಲ. ಆದಕಾರಣ ಆ ಒಂಬತ್ತಕ್ಕೂ ಲಿನಕ್ಸನ್ನು ಹಾಕಿಸಿ, ಉಳಿದ ಐದನ್ನು ವಿಂಡೋಸಿನಲ್ಲಿಯೇ ಇಟ್ಟುಕೊಂಡೆವು. ಫಿನ್‌ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ಲಿನಕ್ಸನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದು, ತಿದ್ದಬಹುದು, ಹಂಚಬಹುದು.

ಒಂದರ ತಂತ್ರಾಂಶ ಇನ್ನೊಂದರಲ್ಲಿ ಏಕೆ ನಡೆಯದೆಂದು ಮಕ್ಕಳು ಕೇಳಿದಾಗ ನಾವು ನಮ್ಮ ರೈಲಿನ ಉದಾಹರಣೆಯನ್ನು ಕೊಡುವುದುಂಟು. ಬೆಂಗಳೂರಿನಿಂದ ಪಾಂಡವಪುರ, ಶ್ರೀರಂಗಪಟ್ಟಣಗಳ ಮೇಲೆ ಮೈಸೂರಿಗೆ ಹೋಗುವ ಹಳಿಯು 1990ರ ದಶಕದವರೆಗೆ ಮೀಟರ್ ಗೇಜಿನದಾಗಿತ್ತು, ಅಂದರೆ ಹಳಿಗಳ ನಡುವಣ ಅಂತರ 1000 ಮಿಲಿಮೀಟರು. ಮದರಾಸಿನ ಕಡೆಯಿಂದ ಬರುವ ಹಳಿಯದು 1676 ಮಿಲಿಮೀಟರು. ಒಂದರ ಬಂಡಿ ಇನ್ನೊಂದರ ಮೇಲೆ ಉರುಳದು. ಸರಕನ್ನೆಲ್ಲಾ ಬೆಂಗಳೂರಿನಲ್ಲಿ ಇಳಿಸಿ ಮತ್ತೊಂದು ಬಂಡಿಗೆ ಏರಿಸಬೇಕಾಗಿತ್ತು. ಪ್ರತಿಯೊಂದು ತಂತ್ರಾಂಶವೂ ಹೀಗೆಯೇ ತನ್ನ ಆಪರೇಟಿಂಗ್ ಸಿಸ್ಟಂನ ಹಳಿಗೆ ತಕ್ಕ ಗಾಲಿಗಳನ್ನು ಹೊಂದಿರುತ್ತದೆ. ಸರಕಾದ ನಮ್ಮ ಬರಹವು ಮಾತ್ರ ಯಾವ ಬಂಡಿಯಲ್ಲಿಯಾದರೂ ಹೋಗುವಂತಿರಬೇಕು. ನಾವು ಎಡವಿದ್ದು ಇಲ್ಲಿಯೇ.

ಕನ್ನಡ ಗಣಕ ಪರಿಷತ್ತಿನವರು ಸಿದ್ಧಪಡಿಸಿದ ‘ನುಡಿ’, ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ‘ಬರಹ’ ಇವೆರಡೂ ಕನ್ನಡಕ್ಕೆ ಮಾಡಿದ ಉಪಕಾರವನ್ನು ನಾವು ಮರೆತವರಲ್ಲ. ನಮ್ಮ ಶಾಲೆಯ ಪ್ರಶ್ನಪತ್ರಿಕೆಗಳು ಇಪ್ಪತ್ತು ವರ್ಷ ಅವುಗಳಿಂದಲೇ ನಡೆದವು. ಆದರೆ ಅವು ವಿಂಡೋಸಿಗಾಗಿ ಹುಟ್ಟಿದವು. ಇದಕ್ಕಿಂತ ದೊಡ್ಡ ತೊಡಕೆಂದರೆ, ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಕಣ್ಣಿಗೆ ಅದು ಕನ್ನಡ, ಯಂತ್ರಕ್ಕೆ ಇಂಗ್ಲಿಷು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಬಣ್ಣ ಬಯಲಾಗುತ್ತದೆ. ಯೂನಿಕೋಡ್ ಎಂಬ ವಿಶ್ವಸಮ್ಮತವಾದ ಕ್ರಮದಲ್ಲಿಯಾದರೋ 1991ರ ಮೊದಲನೆಯ ಆವೃತ್ತಿಯಿಂದಲೇ ಕನ್ನಡಕ್ಕೆಂದು 128 ಸ್ಥಾನಗಳನ್ನು ಬೇರೆಯಾಗಿ ಕೊಟ್ಟಿದ್ದಾರೆ. ಅದರಲ್ಲಿ ಬರೆದ ‘ಕ’ ಎಲ್ಲಾ ಯಂತ್ರಗಳಲ್ಲಿಯೂ, ಕೈಯಲ್ಲಿ ಹಿಡಿದ ಫೋನಿನಲ್ಲಿಯೂ ‘ಕ’ ಆಗಿಯೇ ಉಳಿಯುತ್ತದೆ. ನುಡಿಯ ಈಚಿನ ಆವೃತ್ತಿಗಳೂ ಯೂನಿಕೋಡಿನಲ್ಲಿ ಬರೆಯಲು ಅವಕಾಶ ಕೊಡುತ್ತವೆ. ಹಳೆಯ ಅಭ್ಯಾಸವನ್ನು ಬಿಡದವರು ನಾವೇ.

ಆ ಅಭ್ಯಾಸದ ಬೆಲೆಯನ್ನು ನಮ್ಮ ಒಬ್ಬ ಹುಡುಗಿ ತೆತ್ತಳು. ನಾಗಮಂಗಲದ ಕಡೆಯ ಒಂದು ಹಳ್ಳಿಯಿಂದ ಬಂದು ನಮ್ಮ ವಿದ್ಯಾರ್ಥಿನಿಲಯದಲ್ಲಿದ್ದ ಆ ಮಗುವು ಒಂದು ಪ್ರಬಂಧ ಸ್ಪರ್ಧೆಗೆ ತಿಂಗಳುಗಟ್ಟಲೆ ದುಡಿದು ಬರೆಯಿತು. ನಮ್ಮ ಆಫೀಸಿನಲ್ಲಿಯೇ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಸಿ ಕಳುಹಿಸಿದೆವು. ಓದಲು ಬಾರದೆಂದು ಅಲ್ಲಿಂದ ಉತ್ತರ ಬರುವ ಹೊತ್ತಿಗೆ ಕಡೆಯ ದಿನ ಕಳೆದಿತ್ತು. “ಅಮ್ಮ, ನಾನು ಕೈಯಲ್ಲೇ ಬರೆದುಕೊಟ್ಟಿದ್ದರೆ ಆಗುತ್ತಿತ್ತಲ್ಲವೆ?” ಎಂದು ಅವಳು ಕೇಳಿದ್ದಕ್ಕೆ ಉತ್ತರ ಕೊಡಲು ನಮ್ಮಲ್ಲಿ ಮಾತಿರಲಿಲ್ಲ.

ಹಾಗಾದರೆ ವಿಂಡೋಸಿನ ತಂತ್ರಾಂಶವನ್ನು ಲಿನಕ್ಸಿನಲ್ಲಿ ನಡೆಸುವ ಉಪಾಯವಿಲ್ಲವೆ ಎಂದರೆ, ಉಂಟು. 1993ರಿಂದ ಬೆಳೆದುಬಂದ ವೈನ್ ಎಂಬುದು ಎರಡರ ನಡುವೆ ದುಭಾಷಿಯಂತೆ ನಿಂತು ಕೆಲಸ ಮಾಡಿಸುತ್ತದೆ. (ಹೆಸರನ್ನು ಕೇಳಿ ನಮ್ಮ ಹಿರಿಯ ಉಪಾಧ್ಯಾಯಿನಿಯೊಬ್ಬರು ಹುಬ್ಬೇರಿಸಿದರು. ದ್ರಾಕ್ಷಾರಸಕ್ಕೂ ಇದಕ್ಕೂ ಸಂಬಂಧವಿಲ್ಲ.) ಆದರೆ ದುಭಾಷಿಗೆ ಎಲ್ಲ ಮಾತುಗಳೂ ಬಾರವು, ಕೆಲವು ತಂತ್ರಾಂಶಗಳು ಅರ್ಧಕ್ಕೆ ನಿಲ್ಲುತ್ತವೆ. ಒಂದೇ ಯಂತ್ರದಲ್ಲಿ ಎರಡು ಸಿಸ್ಟಂಗಳನ್ನು ಇಡುವುದನ್ನೂ ಪರೀಕ್ಷಿಸಿದೆವು. ಯಂತ್ರದೊಳಗಿನ ಗಡಿಯಾರದಲ್ಲಿ ಲಿನಕ್ಸು ಸಾಮಾನ್ಯವಾಗಿ ವಿಶ್ವಕಾಲವನ್ನೂ ವಿಂಡೋಸು ನಮ್ಮ ಸ್ಥಳೀಯ ಕಾಲವನ್ನೂ ಇಡುವುದರಿಂದ, ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲಾ ಹೊತ್ತು ಐದೂವರೆ ಗಂಟೆ ಹೆಚ್ಚುಕಡಮೆಯಾಗುತ್ತಿತ್ತು. ಅದನ್ನು ಸರಿಪಡಿಸಬಹುದು. ಬೆಳಗಿನ ಮೊದಲನೆಯ ಪಾಠದಲ್ಲಿಯೇ ಮಧ್ಯಾಹ್ನವಾಯಿತೆಂದು ಬುತ್ತಿಯನ್ನು ತೆಗೆದ ಮಕ್ಕಳನ್ನು ಸರಿಪಡಿಸುವುದೇ ಕಷ್ಟವಾಯಿತು.

ನಮ್ಮ ಅಭಿಪ್ರಾಯವೇನೆಂದರೆ, ಶಾಲೆಯಾದದ್ದು ಎಲ್ಲ ಸಿಸ್ಟಂಗಳಲ್ಲಿಯೂ ಮೂಲತಃ ನಡೆಯುವ ತಂತ್ರಾಂಶಗಳನ್ನೇ ಆರಿಸಿಕೊಳ್ಳಬೇಕು. ಬರವಣಿಗೆಗೂ ಲೆಕ್ಕಕ್ಕೂ ಲಿಬ್ರೆ ಆಫೀಸ್, ರೇಖಾಗಣಿತಕ್ಕೆ ಜಿಯೊಜೀಬ್ರಾ, ಚಿತ್ರಕ್ಕೆ ಇಂಕ್‌ಸ್ಕೇಪ್ ಇವು ಅಂಥವು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮವು ಲಿನಕ್ಸಿನಲ್ಲಿಯೂ ಕಗಪ ಎಂಬ ಹೆಸರಿನಿಂದ ದೊರೆಯುವುದರಿಂದ ಬೆರಳುಗಳು ಹೊಸದಾಗಿ ಕಲಿಯಬೇಕಾದ್ದಿಲ್ಲ. ಎಲ್ಲವನ್ನೂ ಬ್ರೌಸರಿನ ಮೂಲಕವೇ ನಡೆಸಿದರೆ ಭೇದವೇ ಇರದೆಂದು ಕೆಲವರು ಹೇಳುತ್ತಾರೆ. ಮಳೆ ಬಂದ ಸಂಜೆ ನಮ್ಮ ಇಂಟರ್‌ನೆಟ್ ಎಷ್ಟು ಹೊತ್ತು ಬದುಕಿರುತ್ತದೆಂಬುದನ್ನು ಅವರು ಕಂಡಿಲ್ಲ.

ಪೋಷಕರ ಆಕ್ಷೇಪವೂ ನಮಗೆ ಗೊತ್ತು. “ಹೊರಗಿನ ಆಫೀಸುಗಳಲ್ಲೆಲ್ಲಾ ವಿಂಡೋಸೇ ಇರುವಾಗ ನಮ್ಮ ಹೆಣ್ಣುಮಕ್ಕಳಿಗೆ ಇದೇಕೆ, ಮೇಡಂ?” ಎಂದು ಕೃಷ್ಣರಾಜಪೇಟೆಯ ತಂದೆಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಐದು ಯಂತ್ರಗಳನ್ನು ವಿಂಡೋಸಿನಲ್ಲಿ ಉಳಿಸಿಕೊಂಡದ್ದು ಅದಕ್ಕಾಗಿಯೇ. ನೆರೆಯ ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ಲಿನಕ್ಸನ್ನೇ ಆಧಾರವಾಗಿಟ್ಟುಕೊಂಡಿತು. ಕಾಸರಗೋಡು, ಮಂಜೇಶ್ವರಗಳ ಕನ್ನಡ ಶಾಲೆಗಳ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಗುಂಡಿಗಳ ಸ್ಥಾನವನ್ನು ಕಲಿತವಳು ಗುಂಡಿ ಸರಿದ ದಿನ ಕೈಕಟ್ಟಿ ಕೂರುತ್ತಾಳೆ. ಎರಡು ಬಗೆಯ ಯಂತ್ರಗಳನ್ನು ಕಂಡವಳು ಮೂರನೆಯದರ ಮುಂದೆ ಅಂಜುವುದಿಲ್ಲ. ನಮ್ಮ ಒಂಬತ್ತನೆಯ ತರಗತಿಯಲ್ಲಿ ಇದನ್ನು ಕಣ್ಣಾರೆ ನೋಡುತ್ತಿದ್ದೇವೆ.

ಆದರೂ ಎರಡು ಸಿಸ್ಟಂಗಳನ್ನು ಸಾಕುವುದು ಸುಲಭವೆಂದು ನಾವು ಹೇಳುವುದಿಲ್ಲ. ಲಿನಕ್ಸಿನಲ್ಲಿ ತಂತ್ರಾಂಶಗಳೆಲ್ಲಾ ಒಂದೇ ಉಗ್ರಾಣದಿಂದ ಬರುವುದರಿಂದ ಎಲ್ಲವನ್ನೂ ಒಂದೇ ಆಜ್ಞೆಯಿಂದ ನವೀಕರಿಸಬಹುದು; ವಿಂಡೋಸಿನಲ್ಲಿ ಹಲವನ್ನು ಬೇರೆಬೇರೆಯಾಗಿ ನೋಡಿಕೊಳ್ಳಬೇಕು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರಗಳನ್ನು ಲಿನಕ್ಸು ಬೇರೆಯೆಂದು ಎಣಿಸುತ್ತದೆ, ವಿಂಡೋಸು ಸಾಮಾನ್ಯವಾಗಿ ಎಣಿಸದು. ಇದರಿಂದ ಎಂಟನೆಯ ತರಗತಿಯ ಅಂಕಪಟ್ಟಿ ಎರಡಾಗಿ, ಒಂದರಲ್ಲಿ ಮಾತ್ರ ತಿದ್ದುಪಡಿ ಸೇರಿ, ಒಂದು ವಾರ ಗೊಂದಲವಾಯಿತು. ನಮ್ಮ ಹಳೆಯ ಪ್ರಿಂಟರು ಲಿನಕ್ಸಿನೊಡನೆ ಇಂದಿಗೂ ಮಾತನಾಡುವುದಿಲ್ಲ. ಮಕ್ಕಳಿಗೆ ಸಾಮಾನ್ಯ ಖಾತೆ, ಹೊಸ ತಂತ್ರಾಂಶವನ್ನು ಸೇರಿಸುವ ಅಧಿಕಾರ ಇಬ್ಬರು ಉಪಾಧ್ಯಾಯಿನಿಯರಿಗೆ ಮಾತ್ರ ಎಂಬ ನಿಯಮವನ್ನು ಎರಡು ಬಗೆಯ ಯಂತ್ರಗಳಿಗೂ ಮಾಡಿದ್ದೇವೆ.

ಉಳಿದದ್ದು ಹಳೆಯ ಕಡತಗಳ ಕೆಲಸ. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಶಸ್ತ್ರಾಗಾರವನ್ನು 2017ರಲ್ಲಿ ಕೆಡವದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆಗೆ ಸರಿಸಿದ್ದನ್ನು ಅನೇಕರು ಬಲ್ಲರು. ನಮ್ಮ ದಾಖಲೆಗಳನ್ನೂ ಹಾಗೆಯೇ, ಮತ್ತೆ ಬೆರಳಚ್ಚು ಮಾಡದೆ, ಪರಿವರ್ತಕದ ಮೂಲಕ ಯೂನಿಕೋಡಿಗೆ ಸಾಗಿಸುತ್ತಿದ್ದೇವೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಇಡುತ್ತಿದ್ದರು. ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ರಕಾರ ಮೊದಲು ಬರಬೇಕು. ‘ಧರ್ಮ’, ‘ಪಾರ್ವತಿ’ ಮೊದಲಾದ ಕಡೆಗಳಲ್ಲಿ ಪರಿವರ್ತಕವು ಎಡವೀತೆಂದು ಪ್ರತಿಯೊಂದು ಹೆಸರನ್ನೂ ದಾಖಲಾತಿಯ ಮೂಲ ಪುಸ್ತಕದೊಡನೆ ಹೋಲಿಸಿ ನೋಡಬೇಕಾಗಿದೆ. ಒಬ್ಬಳ ಹೆಸರು ವರ್ಗಾವಣೆ ಪತ್ರದಲ್ಲಿ ತಪ್ಪಾದರೆ ಮುಂದೆ ಅವಳು ಅಲೆಯಬೇಕಾದ ಆಫೀಸುಗಳೆಷ್ಟು! ಹನ್ನೊಂದು ವರ್ಷಗಳ ಪಟ್ಟಿ ಮುಗಿದಿದೆ, ಒಂಬತ್ತು ವರ್ಷಗಳದು ಉಳಿದಿದೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಬಿಡುವುಳ್ಳವರು ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ಬಂದರೆ, ಒಬ್ಬರು ಓದಿ ಹೇಳಲು ಇನ್ನೊಬ್ಬರು ತಿದ್ದಲು ಕುರ್ಚಿಗಳನ್ನು ಹಾಕಿಸಿರುತ್ತೇವೆ.